ಅಕ್ಷದ ಕೆಳತುದಿ ನೋಡಿದಿರಾ?

ಮುಂಗಾರು ಶುರುವಾಯಿತೆಂದರೆ ಹಳೆ ಮೈಸೂರಿನ ಕಡೆಯ ಪತ್ರಿಕೆಗಳಲ್ಲಿ ಒಂದು ಚಿಕ್ಕ ಪಟ್ಟಿಗೆ ಎಲ್ಲಿಲ್ಲದ ಬೆಲೆ: ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದೇ ಅಂಕಿಗಳು ಗ್ರಾಫ್ ಆಗಿ ವೆಬ್‌ಪುಟಕ್ಕೆ ಏರಿದಾಗ ಎಲ್ಲರೂ ಗೆರೆಯನ್ನು ನೋಡುತ್ತಾರೆ. ಗ್ರಾಫಿನ ಚಟ ಹತ್ತಿಸಿಕೊಂಡ ನನ್ನಂಥವರ ಕಣ್ಣು ಮೊದಲು ಹೋಗುವುದು ಎಡಗಡೆಯ ಅಕ್ಷದ ಕೆಳತುದಿಗೆ. ಅಲ್ಲಿರುವುದು ಸೊನ್ನೆಯೋ, 60ಓ, 99ಓ?

ಅಡಿಯನ್ನು ಪಿಕ್ಸೆಲ್ಲಿಗೆ ಇಳಿಸುವ ಕೆಲಸ ಲೀನಿಯರ್ ಸ್ಕೇಲಿನದು. ವೆಬ್‌ನಲ್ಲಿ ಚಾರ್ಟ್ ಬರೆಯುವವರಿಗೆ ಇದು ಚಿರಪರಿಚಿತವಾದದ್ದು ಡಿ3 ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಿಂದ. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮೈಕ್ ಬೊಸ್ಟಾಕ್ ಮತ್ತು ಜೊತೆಗಾರರು 2011ರಲ್ಲಿ ಹೊರತಂದದ್ದು. ಸ್ಕೇಲಿಗೆ ನಾವು ಕೊಡಬೇಕಾದದ್ದು ಎರಡು ಜೋಡಿ ಸಂಖ್ಯೆ. ಡೊಮೇನ್ ಎಂದರೆ ಅಂಕಿಗಳ ಎರಡು ತುದಿ, ಸೊನ್ನೆಯಿಂದ 124.80 ಅಡಿ ಎನ್ನಿ. ರೇಂಜ್ ಎಂದರೆ ಪರದೆಯ ಎರಡು ತುದಿ. 400ರಿಂದ ಸೊನ್ನೆ ಪಿಕ್ಸೆಲ್. 400 ಮೊದಲು ಬಂದದ್ದು ಅಚ್ಚಿನ ದೋಷವಲ್ಲ. ಬ್ರೌಸರ್ ಎಣಿಸುವುದೇ ಮೇಲಿನಿಂದ ಕೆಳಕ್ಕೆ. ತಿರುಗಿಸಿ ಕೊಡದಿದ್ದರೆ ತುಂಬಿದ ಕಟ್ಟೆ ನೆಲ ಕಚ್ಚುತ್ತದೆ, ಬತ್ತಿದ ಕಟ್ಟೆ ಮೇಲೇರಿ ಕೂರುತ್ತದೆ. ಮಿಕ್ಕದ್ದೆಲ್ಲ ಹೈಸ್ಕೂಲಿನ ಅನುಪಾತ. 100 ಅಡಿ ನೀರಿದ್ದ ದಿನದ ಚುಕ್ಕೆ ಬುಡದಿಂದ ಸುಮಾರು 320 ಪಿಕ್ಸೆಲ್ ಎತ್ತರದಲ್ಲಿ ಬೀಳುತ್ತದೆ. ಡೊಮೇನಿನ ಕೆಳತುದಿಯನ್ನು 60 ಅಡಿಗೆ ಎತ್ತಿ ನೋಡಿ, ಅದೇ ಚುಕ್ಕೆ 247ಕ್ಕೆ ಇಳಿಯುತ್ತದೆ. ಕಟ್ಟೆಯಲ್ಲಿ ಒಂದು ಹನಿಯೂ ಕಡಿಮೆಯಾಗಿಲ್ಲ.

ಇದಕ್ಕಿಂತ ಕೆಟ್ಟ ಅಭ್ಯಾಸವೊಂದಿದೆ: ಬಂದ ಅಂಕಿಗಳಲ್ಲಿ ಅತಿ ಚಿಕ್ಕದನ್ನೂ ಅತಿ ದೊಡ್ಡದನ್ನೂ ಹೆಕ್ಕಿ, ಅವನ್ನೇ ಡೊಮೇನ್ ಎಂದು ಕೊಟ್ಟುಬಿಡುವುದು. ಒಂದು ವಾರದಲ್ಲಿ ನೀರು 99.6ರಿಂದ 99 ಅಡಿಗೆ ಇಳಿಯಿತೆನ್ನಿ, ಏಳೆಂಟು ಅಂಗುಲದ ಮಾತು. ಗ್ರಾಫಿನಲ್ಲಿ ಗೆರೆ ಮಾಳಿಗೆಯಿಂದ ನೆಲಕ್ಕೆ ಬಿದ್ದಿರುತ್ತದೆ. ಕಾವೇರಿಯ ವಿಷಯದಲ್ಲಿ ಇಂಥ ಚಿತ್ರ ಮಂಡ್ಯದಲ್ಲಿ ಏನು ಮಾಡೀತು ಎಂದು ನಾನು ಹೇಳಬೇಕಿಲ್ಲ. 1786ರಲ್ಲಿ ವಿಲಿಯಂ ಪ್ಲೇಫೇರ್ ಇಂಗ್ಲೆಂಡಿನ ಆಮದು ರಫ್ತುಗಳ ಗೆರೆಗಳನ್ನು ಅಚ್ಚು ಹಾಕಿಸಿದಾಗ ತಾಮ್ರದ ತಗಡಿನ ಮೇಲೆ ಕೆತ್ತಬೇಕಿತ್ತು. ಎಲ್ಲಿಂದ ಎಲ್ಲಿಗೆ ಎಂದು ಯಾರಾದರೂ ಕೂತು ಯೋಚಿಸಲೇಬೇಕಿತ್ತು. ಈಗ ಆ ಯೋಚನೆಯನ್ನು ಒಂದು ಸಾಲು ಕೋಡಿಗೆ ವಹಿಸಿದ್ದೇವೆ.

ಹಾಗಾದರೆ ಯಾವಾಗಲೂ ಸೊನ್ನೆಯಿಂದಲೇ ಶುರು ಮಾಡಬೇಕೇ? ಬಾರ್ ಚಾರ್ಟ್ ಆದರೆ ಹೌದು, ಅದರಲ್ಲಿ ಚೌಕಾಸಿ ಇಲ್ಲ. ಕಂಬದ ಉದ್ದವೇ ಅಲ್ಲಿ ಅಳತೆ. ಬುಡ ಕತ್ತರಿಸಿದರೆ ಅಳತೆಯೇ ಸುಳ್ಳು. ಗೆರೆಯ ಗ್ರಾಫಿನಲ್ಲಿ ಓದುವುದು ಏರಿಳಿತವನ್ನು, ಹಾಗಾಗಿ ಅಲ್ಲಿ ಸಡಿಲಿಕೆ ಉಂಟು. ಬೆಂಗಳೂರಿನ ಉಷ್ಣಾಂಶವನ್ನು ಸೊನ್ನೆ ಡಿಗ್ರಿಯಿಂದ ಬರೆಯುವವನು ಪ್ರಾಮಾಣಿಕನೇನೂ ಆಗುವುದಿಲ್ಲ, ಕಾಗದ ಹಾಳು ಮಾಡುತ್ತಾನೆ ಅಷ್ಟೆ. ಸೆಲ್ಸಿಯಸ್ಸಿನ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದು, ಏನೂ ಇಲ್ಲ ಎಂಬ ಸೊನ್ನೆಯಲ್ಲ.

ಡಿ3 ಸ್ಕೇಲಿಗೆ ನೈಸ್ ಎಂಬ ಸೌಲಭ್ಯವಿದೆ. ಒರಟಾದ ತುದಿಗಳನ್ನು ಅದು ಗುಂಡು ಸಂಖ್ಯೆಗೆ ತಂದುಕೊಡುತ್ತದೆ. ಅಕ್ಷದ ಗುರುತುಗಳನ್ನೂ ಸ್ಕೇಲ್ 1, 2, 5 ಅಥವಾ ಅವುಗಳ ಹತ್ತರ ಮಡಿಕೆಗಳ ಅಂತರದಲ್ಲೇ ಇಡುತ್ತದೆ, ಕಣ್ಣಿಗೆ ಹಿತ. ಆದರೆ ಕನ್ನಂಬಾಡಿಗೆ, ಅಂದರೆ ನಮ್ಮ ಕೆಆರ್‌ಎಸ್‌ಗೆ, ನೈಸ್ ಹಚ್ಚಿದರೆ ಸೊನ್ನೆಯಿಂದ 124.80 ಇದ್ದದ್ದು ಸೊನ್ನೆಯಿಂದ 130 ಆಗುತ್ತದೆ. ತುಂಬಿ ತುಳುಕುವ ಕಟ್ಟೆಯ ಮೇಲೂ ಐದಡಿ ಖಾಲಿ ಜಾಗ! ಗುರುತುಗಳು 120, 130 ಎಂದಿರುತ್ತವೆ. ಊರಿಗೆಲ್ಲ ಬಾಯಿಪಾಠವಾಗಿರುವ 124.80 ಮಾತ್ರ ಅಲ್ಲಿ ಇರುವುದಿಲ್ಲ. ಆ ಗೆರೆಯನ್ನು ನಾವೇ ಎಳೆಯಬೇಕು. ಇಲ್ಲಿ ನೈಸ್ ಬೇಡ ಎಂಬುದು ನನ್ನ ಪಕ್ಷ.

ಕ್ಲ್ಯಾಂಪ್ ಬಗ್ಗೆ ಇನ್ನೂ ಅನುಮಾನವಿರಲಿ. ಡೊಮೇನ್ ಮೀರಿದ ಅಂಕಿ ಬಂದರೆ ಸ್ಕೇಲ್ ಅದೇ ಲೆಕ್ಕ ಮುಂದುವರಿಸಿ ಚುಕ್ಕೆಯನ್ನು ಚೌಕಟ್ಟಿನ ಆಚೆ ಇಡುತ್ತದೆ. ಅಸಹ್ಯ, ಆದರೆ ತಪ್ಪು ತಿಳಿಯುತ್ತದೆ. ಕ್ಲ್ಯಾಂಪ್ ಹಾಕಿದರೆ ಅದೇ ಚುಕ್ಕೆ ಅಂಚಿಗೆ ಒತ್ತಿಕೊಂಡು ಸಾಧುವಿನಂತೆ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಅಡ್ಡ ಅಕ್ಷದಲ್ಲೂ ಮೋಸ ನಡೆಯುತ್ತದೆ. ರಜೆಯ ದಿನಗಳ ಅಂಕಿ ಸಿಗದಿದ್ದಾಗ ಇರುವ ದಿನಗಳನ್ನೇ ಹೆಸರುಗಳಂತೆ ಸಮದೂರದಲ್ಲಿ ಜೋಡಿಸಿದರೆ ನಾಲ್ಕು ದಿನದ ಏರಿಕೆ ಒಂದೇ ದಿನದ್ದಾಗಿ ಕಾಣುತ್ತದೆ. ತಾರೀಖಿಗೆ ಟೈಮ್ ಸ್ಕೇಲ್ ಬಳಸಬೇಕು. ಅದೂ ಲೀನಿಯರ್ ಸ್ಕೇಲಿನ ಕುಲದ್ದೇ. ಎಡಕ್ಕೆ ಅಡಿ, ಬಲಕ್ಕೆ ಕ್ಯುಸೆಕ್ ಎಂದು ಎರಡು ಅಕ್ಷ ನಿಲ್ಲಿಸುವವರಿಗೆ ನನ್ನ ನಮಸ್ಕಾರ. ತುದಿಗಳನ್ನು ಜಗ್ಗಾಡಿದರೆ ಎರಡು ಗೆರೆಗಳನ್ನು ಬೇಕಾದ ಜಾಗದಲ್ಲಿ ಕತ್ತರಿ ಹಾಕಿಸಬಹುದು. ಎರಡು ಗ್ರಾಫ್ ಮಾಡಿ, ಒಂದರ ಕೆಳಗೊಂದು ಇಡಿ.

ಇಷ್ಟೆಲ್ಲ ಸರಿಮಾಡಿದ ಮೇಲೂ ಅಡಿಯ ಗ್ರಾಫಿನಲ್ಲಿ ಒಂದು ತೊಡಕು ಉಳಿಯುತ್ತದೆ, ಅದು ಸ್ಕೇಲಿನ ತಪ್ಪಲ್ಲ. ಜಲಾಶಯ ಬಾಣಲೆಯಂತೆ ಮೇಲೆ ಹೋದಷ್ಟೂ ಅಗಲವಾಗುತ್ತದೆ. ಹಾಗಾಗಿ ಕೊನೆಯ ಹತ್ತಡಿಯಲ್ಲಿ ನಿಲ್ಲುವ ನೀರು ತಳದ ಹತ್ತಡಿಗಿಂತ ಎಷ್ಟೋ ಪಾಲು ಹೆಚ್ಚು. ಕೆಆರ್‌ಎಸ್ ತುಂಬಿದಾಗ 49.45 ಟಿಎಂಸಿ. ಮಟ್ಟ 100 ಅಡಿ ಇದ್ದಾಗ ಗ್ರಾಫಿನ ಗೆರೆ ಶೇ 80ರ ಎತ್ತರದಲ್ಲಿರುತ್ತದೆ. ಕಟ್ಟೆಯಲ್ಲಿರುವ ನೀರು ಅರ್ಧದ ಆಸುಪಾಸು. ಅಡಿಗಳು ಸಮನಾಗಿವೆ, ನೀರು ಸಮನಾಗಿಲ್ಲ. ಜಲಾಶಯದ ಮಟ್ಟವನ್ನು ವೆಬ್‌ಪುಟದಲ್ಲಿ ಬರೆಯುವವರು ಅಡಿಯ ಗ್ರಾಫಿನ ಕೆಳಗೆ ಟಿಎಂಸಿಯದನ್ನೂ, ಸೊನ್ನೆಯಿಂದ ಶುರುಮಾಡಿ, ಹಾಕಲಿ. ಡೊಮೇನ್ ಬೇರೆಯಾಗುತ್ತದೆ, ಕೋಡ್ ಅದೇ.