ಹಸಿವು ಬಿಟ್ಟು ಉಳಿದ 'ಚಾಪ್ಲಿನ್'

ರಿಚರ್ಡ್ ಅಟೆನ್‌ಬರೋ 1992ರಲ್ಲಿ ತೆಗೆದ 'ಚಾಪ್ಲಿನ್' ಚಿತ್ರವನ್ನು ಮೆಚ್ಚೋಕೂ ಕಾರಣವಿದೆ, ಅದರ ಮೇಲೆ ಜಗಳಕ್ಕೆ ಹೋಗೋಕೂ ಕಾರಣವಿದೆ. ರಾಬರ್ಟ್ ಡೌನಿ ಜೂನಿಯರ್ ಚಾರ್ಲಿಯ ನಡಿಗೆ, ಬೀಳುವ ವರಸೆ ಎಲ್ಲವನ್ನೂ ಮೈಗೆ ತಂದುಕೊಂಡಿದ್ದಾನೆ. ಬುದ್ಧಿ ಕದಡಿದ ತಾಯಿ ಹ್ಯಾನಾಳ ಪಾತ್ರವನ್ನು ಚಾರ್ಲಿಯ ಮಗಳು ಜೆರಾಲ್ಡಿನ್ ಮಾಡಿದ್ದಾಳೆ. ಮೊಮ್ಮಗಳು ಅಜ್ಜಿಯಾಗುವ ಆ ನಿಮಿಷಗಳಲ್ಲಿ ಸುಳ್ಳಿಲ್ಲ.

ಆದರೆ ಏಳು ವರ್ಷಕ್ಕೇ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಗತಿಯಿಲ್ಲದವರನ್ನು ಕೂಡಿಹಾಕುವ ದುಡಿಮೆಮನೆ ಸೇರಿದ ಹುಡುಗನನ್ನು ಚಿತ್ರ ಬೇಗ ದಾಟಿಬಿಡುತ್ತದೆ. ಆಮೇಲೆ ಮದುವೆ, ವಿಚ್ಛೇದನ, ಕೋರ್ಟು, ಮತ್ತೆ ಮದುವೆ. ಇದೇನು ಸ್ವಾಮಿ, ಲಗ್ನಪತ್ರಿಕೆಗಳ ಕಟ್ಟೆ? ಮುದುಕ ಚಾರ್ಲಿಯ ಎದುರು ಸ್ವಿಟ್ಜರ್ಲೆಂಡಿನ ಬಂಗಲೆಯಲ್ಲಿ ಒಬ್ಬ ಕಲ್ಪಿತ ಸಂಪಾದಕನನ್ನು ಕೂರಿಸಿದ್ದಾರೆ. ಅವನ ಕುತೂಹಲ ಮನಸ್ಸಿನ ಗುಟ್ಟಿನ ಮೇಲೆ, ಹೊಟ್ಟೆಯ ಮೇಲಲ್ಲ.

ಹಸಿವು ಗೊತ್ತಿರುವ ನಾವು ಕೇಳುತ್ತೇವೆ: 1921ರ 'ದಿ ಕಿಡ್'ನಲ್ಲಿ ಅನಾಥಾಲಯದವರು ಮಗುವನ್ನು ಗಾಡಿಗೆ ಹಾಕಿಕೊಂಡು ಹೊರಟಾಗ ಮನೆಗಳ ಸೂರಿನ ಮೇಲೆ ಹತ್ತಿ ಓಡುತ್ತಾನಲ್ಲ ಆ ಅಲೆಮಾರಿ, ಆ ಓಟ ಅವನ ಕಾಲಿಗೆ ಎಲ್ಲಿಂದ ಬಂತು? ಹೆಂಡಂದಿರಿಂದ ಬರಲಿಲ್ಲ. ದುಡಿಮೆಮನೆಯಲ್ಲಿ ತಾಯಿಯಿಂದ ಬೇರೆಯಾದ ಹುಡುಗನಿಗೆ ಮಾತ್ರ ಗೊತ್ತಿರುವ ಓಟ ಅದು. 1936ರ 'ಮಾಡರ್ನ್ ಟೈಮ್ಸ್'ನಲ್ಲಿ ಯಂತ್ರದ ಹಲ್ಲುಗಳ ನಡುವೆ ಸಿಕ್ಕಿಕೊಂಡ ಕೂಲಿಯವನೂ ಅದೇ ಹುಡುಗ.

1952ರಲ್ಲಿ ಅಮೆರಿಕ ಅವನಿಗೆ ಬಾಗಿಲು ಹಾಕಿತು. ಚಿತ್ರ ಅದನ್ನು ಹೆಚ್ಚುಕಡಿಮೆ ಎಫ್‌ಬಿಐನ ಹೂವರ್‌ನ ಸ್ವಂತ ಹಗೆ ಮಾಡಿಬಿಟ್ಟಿದೆ. ಒಬ್ಬ ಖಳನಾಯಕ ಸಿಕ್ಕಿದರೆ ಸಾಕು, ಕಮ್ಯುನಿಸ್ಟರೆಂದು ಜನರನ್ನು ಬೇಟೆಯಾಡಿದ ಇಡೀ ವ್ಯವಸ್ಥೆ ಸದ್ದಿಲ್ಲದೆ ಜಾರಿಕೊಳ್ಳುತ್ತದೆ.

ಕೊನೆಗೆ 1972ರ ಆಸ್ಕರ್ ಸಭೆ. ಪರದೆಯ ಮೇಲೆ ನಿಜವಾದ ಚಾರ್ಲಿಯ ತುಣುಕುಗಳು. ಎರಡು ಗಂಟೆ ಮೀರಿದ ಚಿತ್ರದಲ್ಲಿ ನಮ್ಮ ಗಂಟಲು ಕಟ್ಟಿದ್ದು ಅಲ್ಲೇ.