ಹಸಿರು ತ್ರಿಕೋನ ಹೇಳದ ಮಾತು

ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ಓದಲು ಬಾರದವರೂ ಗುರುತಿಸುತ್ತಾರೆ. ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಕಡೆಗೆ ಹಸಿರು. ಎಣ್ಣಿ ಹೊಡೆಯುವ ಕೂಲಿಯವರ ಜೀವ ಕಾಯಲು 1971ರ ಕೀಟನಾಶಕ ನಿಯಮಗಳಲ್ಲಿ ಬಂದ ಈ ಗುರುತಿನ ಬಗ್ಗೆ ನನಗೆ ಗೌರವವಿದೆ. ಆದರೆ ಮುದಗಲ್, ಲಿಂಗಸುಗೂರು ಸುತ್ತಿನ ಹೊಲಗಳಲ್ಲಿ ಅದಕ್ಕೆ ಇಲ್ಲದ ಅರ್ಥವೊಂದು ಅಂಟಿಕೊಂಡಿದೆ. ಹಸಿರಿದ್ದರೆ ಜೇನಿಗೂ ಏನಾಗುವುದಿಲ್ಲ, ಗುಲಗಂಜಿ ದುಂಬಿಗೂ ಏನಾಗುವುದಿಲ್ಲ ಎಂಬ ಮಾತು ಅಂಗಡಿಯಿಂದ ಹೊಲದವರೆಗೆ ನಡೆಯುತ್ತದೆ. ಆ ಬಣ್ಣ ನಿರ್ಧಾರವಾಗುವುದು ಇಲಿಯಂಥ ಪ್ರಾಣಿಗಳ ಪರೀಕ್ಷೆಯಿಂದ. ಬಾಯಿಯ ಮೂಲಕ ಕೊಟ್ಟಾಗ ಅರ್ಧದಷ್ಟು ಪ್ರಾಣಿಗಳು ಸಾಯಲು ಕಿಲೋ ದೇಹತೂಕಕ್ಕೆ 50 ಮಿಲಿಗ್ರಾಂ ಒಳಗೇ ಸಾಕಾದರೆ ಕೆಂಪು; 5,000 ದಾಟಿದರೆ ಹಸಿರು. ಹುಳಗಳ ಲೆಕ್ಕ ಅಲ್ಲಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ನಾವು ಹಿಡಿದಿರುವ ಅಳತೆಗೋಲಿನಲ್ಲಿದೆ. ಹೊಡೆದ ಮರುದಿನ ಸಾಲಿನಲ್ಲಿ ಮಿತ್ರಕೀಟ ಓಡಾಡುತ್ತಿದ್ದರೆ ಅದು ಉಳಿಯಿತು ಎಂದುಕೊಳ್ಳುತ್ತೇವೆ. ಸಾಯದೆ ಉಳಿದ ಹುಳುವಿನ ಮೊಟ್ಟೆ, ಮೇವು, ಜೋಡಿ, ದಾರಿ ಇವೆಲ್ಲ ಏನಾದವು ಎಂದು ಕೇಳುವ ಸಂಶೋಧನೆಗಳನ್ನು ನಿಕೊಲಾ ದೆನೋ ಮತ್ತು ಇಬ್ಬರು ಸಹಲೇಖಕರು 2007ರಲ್ಲಿ ಒಂದೆಡೆ ತಂದು ವಿಶ್ಲೇಷಿಸಿದರು. ಅಲ್ಲಿಂದೀಚೆಗೆ ಸಾವನ್ನಷ್ಟೇ ಎಣಿಸಿ ತೀರ್ಪು ಕೊಡುವುದಕ್ಕೆ ವಿಜ್ಞಾನದ ಕಡೆಯಿಂದ ಸಮರ್ಥನೆ ಉಳಿದಿಲ್ಲ.

ಟ್ರೈಕೋಗ್ರಾಮಾ ಕಣಜವನ್ನೇ ನೋಡಿ. ಸಾಸಿವೆಕಾಳಿಗಿಂತ ಚಿಕ್ಕದಾದ ಈ ಜೀವಿ ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು, ಕೀಡಿ ಹುಟ್ಟುವ ಮೊದಲೇ ಅದನ್ನು ಮುಗಿಸುತ್ತದೆ. ಅದಕ್ಕೆಂದೇ ಅದು ಹೊರಬರುವ ಮೊಟ್ಟೆಗಳನ್ನು ಅಂಟಿಸಿದ ಕಾರ್ಡುಗಳನ್ನು ಹೊಲದಲ್ಲಿ ಕಟ್ಟುತ್ತಾರೆ. ಸಾಯದಷ್ಟು ಅಲ್ಪ ಪ್ರಮಾಣದ ಡೆಲ್ಟಾಮೆಥ್ರಿನ್ ತಾಗಿದರೂ ಇದರ ಗಂಡು ಹೆಣ್ಣುಗಳ ನಡುವಿನ ವಾಸನೆಯ ಸಂವಹನ ಏರುಪೇರಾಗುತ್ತದೆಂದು ಫ್ರಾನ್ಸಿನ ಪ್ರಯೋಗಗಳು ತೋರಿಸಿವೆ. ಕಣಜಗಳಲ್ಲಿ ಗಂಡಿನೊಡನೆ ಕೂಡದ ಹೆಣ್ಣು ಇಡುವ ಮೊಟ್ಟೆಗಳಿಂದ ಸಾಮಾನ್ಯವಾಗಿ ಗಂಡು ಮಾತ್ರ ಹುಟ್ಟುತ್ತವೆ. ಪತಂಗದ ಮೊಟ್ಟೆ ಹುಡುಕಿ ನಾಶಮಾಡುವ ಕೆಲಸ ಹೆಣ್ಣಿನದು. ಜೋಡಿ ತಪ್ಪಿದರೆ ಮುಂದಿನ ಪೀಳಿಗೆಯಲ್ಲಿ ಆ ಕೆಲಸಕ್ಕೆ ಕೈ ಕಡಿಮೆ. ಒಂದೂ ಸಾಯದೆ ಕಾವಲು ಮುಗಿಯಬಹುದು. ಯಾವ ತ್ರಿಕೋನವೂ ಇದನ್ನು ಹೇಳಲಾರದು.

ಜೇನಿನದು ಹೆಚ್ಚು ಪರಿಚಿತ ಕಥೆ. ಥಯಾಮೆಥಾಕ್ಸಾಮ್ ಅನ್ನು ಸಾಯದ ಪ್ರಮಾಣದಲ್ಲಿ ಕುಡಿಸಿದ ಹುಳಗಳ ಬೆನ್ನಿಗೆ ಪುಟ್ಟ ಚಿಪ್ ಅಂಟಿಸಿ ಬಿಟ್ಟಾಗ, ಆ ಔಷಧದಿಂದಲೇ ಗೂಡಿನ ದಾರಿ ತಪ್ಪಿದವು ಪರಿಚಿತ ಜಾಗದಲ್ಲಿ ಶೇ. 10ರಷ್ಟು, ಅಪರಿಚಿತ ಜಾಗದಲ್ಲಿ ಶೇ. 31ರಷ್ಟು ಎಂದು 2012ರಲ್ಲಿ ಫ್ರಾನ್ಸಿನ ತಂಡ ವರದಿ ಮಾಡಿತು. 2018ರಲ್ಲಿ ಯುರೋಪಿಯನ್ ಒಕ್ಕೂಟ ಇದನ್ನೂ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್‌ಗಳನ್ನೂ ಬಯಲಿನಲ್ಲಿ ಬಳಸದಂತೆ ತಡೆಯಿತು. ನಮ್ಮಲ್ಲಿ ಅವು ಮಾರಾಟದಲ್ಲಿವೆ. ತೆನೆ ತುಂಬಲು ಜೇನನ್ನು ನೆಚ್ಚಿರುವ ಸೂರ್ಯಕಾಂತಿ ಬೆಳೆಯುವ ನಾಡಿಗೆ ಇದು ದೂರದ ಸುದ್ದಿಯೇನಲ್ಲ.

ಸಿಂಧನೂರಿನ ಕಾಲುವೆ ನೀರಿನ ಭತ್ತದಲ್ಲಿ ವಿಷಯ ಇನ್ನೊಂದು ಮಗ್ಗುಲು ತೋರುತ್ತದೆ. ಕಂದು ಜಿಗಿಹುಳುವಿನ ಮೊಟ್ಟೆ ಹೀರುವ ಸಿರ್ಟೋರೈನಸ್ ಎಂಬ ಹಸಿರು ತಿಗಣೆಯೂ ಜೇಡಗಳೂ ಸಿಂಪಡಣೆಗೆ ಸೊರಗುತ್ತವೆ. ಅದೇ ಹೊತ್ತಿಗೆ ಡೆಲ್ಟಾಮೆಥ್ರಿನ್‌ನಂಥ ಔಷಧದ ಸಾಯದ ಪ್ರಮಾಣ ಜಿಗಿಹುಳುವಿನ ಸಂತಾನವನ್ನು ಹೆಚ್ಚಿಸುತ್ತದೆ ಎಂಬುದು ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ದಶಕಗಳ ಹಿಂದೆಯೇ ಕಂಡುಬಂದಿತ್ತು. ಹೊಡೆದಷ್ಟೂ ಜಿಗಿ ಏಳುವುದನ್ನು ಕಂಡು ಔಷಧ ಕಲಬೆರಕೆ ಎಂದು ಬೇಸರಪಡುವ ರೈತನಿಗೆ, ಅಪ್ಪಟ ಔಷಧವೂ ಹೀಗೆ ಮಾಡಬಲ್ಲದು ಎಂದು ಯಾರಾದರೂ ಹೇಳಬೇಕಿತ್ತು.

ನನಗೆ ಹೆಚ್ಚು ಆತಂಕವಿರುವುದು ಮೆಣಸಿನಕಾಯಿಯ ಬಗ್ಗೆ. 2021ರಲ್ಲಿ ಕಪ್ಪು ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕದ ಗಿಡಗಳ ಹೂವಿಗೇ ಇಳಿದಾಗ ಎರಡು ಮೂರು ಔಷಧಗಳನ್ನು ಒಂದೇ ಟ್ಯಾಂಕಿಗೆ ಸುರಿಯುವುದು ಇನ್ನಷ್ಟು ಬೇರೂರಿತು. ರೋಗಕ್ಕೆಂದು ಸೇರಿಸುವ ಕೆಲವು ಶಿಲೀಂಧ್ರನಾಶಕಗಳು ಜೇನಿನ ದೇಹದಲ್ಲಿ ವಿಷ ಕರಗಿಸುವ ಕಿಣ್ವಗಳನ್ನೇ ಕಟ್ಟಿಹಾಕುತ್ತವೆ; ಆಗ ಜೊತೆಗಿರುವ ಕೀಟನಾಶಕ ತಡೆದುಕೊಳ್ಳಲಾರದಷ್ಟಾಗುತ್ತದೆ. ಲೇಬಲ್ಲು ಒಂದೊಂದು ಡಬ್ಬಿಗೆ ಬೇರೆ, ಹೊಲದಲ್ಲಿ ಹುಳಕ್ಕೆ ಸಿಗುವುದು ಮಿಶ್ರಣ.

ಹಾಗೆಂದು ಎಲ್ಲ ಔಷಧವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ತೊಗರಿಯ ಕಾಯಿಕೊರಕಕ್ಕೆ ಬಳಸುವ ಕ್ಲೋರಾಂಟ್ರನಿಲಿಪ್ರೋಲ್ ಹಲವು ಮಿತ್ರಕೀಟಗಳಿಗೆ ಹಳೆಯ ಔಷಧಗಳಷ್ಟು ಕಠಿಣವಲ್ಲ. ಬೇವನ್ನು ಕಣ್ಣುಮುಚ್ಚಿ ಹೊಗಳುವುದೂ ಸರಿಯಲ್ಲ; ಅದರ ಅಜಾಡಿರಾಕ್ಟಿನ್ ಗುಲಗಂಜಿ ದುಂಬಿಯ ಮರಿಗಳ ಬೆಳವಣಿಗೆಗೂ ತೊಡಕಾಗಬಲ್ಲದು. ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಈ ಭಾಗದ ತೊಗರಿ ರೈತರಿಗೆ ಗೊತ್ತಿರುವ, ಗಿಡ ಅಲುಗಾಡಿಸಿ ಕೀಡಿ ಉದುರಿಸುವ ವಿಧಾನ. ಕೂಲಿಯ ಖರ್ಚು ಅದರ ನಿಜವಾದ ತೊಂದರೆ. ಅದನ್ನು ಹಳೆಯ ಪದ್ಧತಿಯೆಂದು ಮೂಲೆಗೆ ತಳ್ಳುವ ಬದಲು ಆ ಕೂಲಿಗೆ ಸಹಾಯಧನ ಕೊಡಬಹುದು. ತೊಗರಿಯ ನಡುವೆ ಸಜ್ಜೆ, ಜೋಳದ ಅಕ್ಕಡಿ ಸಾಲುಗಳೂ ಮಿತ್ರಕೀಟಗಳಿಗೆ ತಂಗುದಾಣ.

ಶಿಫಾರಸು ಪುಸ್ತಕಗಳಲ್ಲಿ ಯಾವ ಕೀಟಕ್ಕೆ ಯಾವ ಔಷಧ, ಲೀಟರಿಗೆ ಎಷ್ಟು ಎಂಬುದು ಅಚ್ಚುಕಟ್ಟಾಗಿರುತ್ತದೆ. ಅದರ ಪಕ್ಕದಲ್ಲಿ, ಸಿಂಪಡಿಸಿದ ಮೇಲೆ ಟ್ರೈಕೋಗ್ರಾಮಾ ಕಾರ್ಡು ಕಟ್ಟಲು ಎಷ್ಟು ದಿನ ಕಾಯಬೇಕು, ಹೂವಿನ ಹೊತ್ತಿನಲ್ಲಿ ಯಾವುದನ್ನು ಮುಟ್ಟಲೇಬಾರದು, ಯಾವುದರೊಡನೆ ಯಾವುದನ್ನು ಬೆರೆಸಬಾರದು ಎಂಬ ಮಾಹಿತಿಯೂ ಪ್ರತಿ ಔಷಧಕ್ಕೂ ಇರಬೇಕು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ, ಕೀಟಶಾಸ್ತ್ರ ವಿಭಾಗವಿದೆ. ಈ ಮಾಹಿತಿ ಸೇರಿಸುವ ಕೆಲಸವನ್ನು ಅದು ಮುಂದಿನ ಮುಂಗಾರಿಗೆ ಮುನ್ನ ಮೆಣಸಿನಕಾಯಿಯಿಂದಲೇ ಶುರುಮಾಡಲಿ.