ಬೆಂಗಳೂರಿನಲ್ಲಿ ಚೆರ್ಟ್ ಕಂಡರೆ ಮೊದಲು ಲಾರಿಯನ್ನು ಅನುಮಾನಿಸಿ

ಈ ವಾರ ಬ್ರಹ್ಮಗಿರಿಯ ನೆಲೆಯಲ್ಲಿ ಸಿಕ್ಕ, ಚೆರ್ಟ್ ಕಲ್ಲಿನ ಪ್ರಾಚೀನ ಅಲಗುಗಳ ಬಗ್ಗೆ ಬರೆಯುತ್ತೇನೆಂದಿದ್ದೆ. ಅಷ್ಟರಲ್ಲಿ ವೈಟ್‌ಫೀಲ್ಡಿನ ಓದುಗರೊಬ್ಬರು ಆಫೀಸಿನ ಆವರಣದಲ್ಲಿ ಸಿಕ್ಕ ಕಂದು ಕಲ್ಲಿನ ಫೋಟೋ ಕಳಿಸಿ, ‘ಇದು ಚೆರ್ಟ್ ಅಲ್ವಾ ಸಾರ್?’ ಎಂದಿದ್ದಾರೆ. ಬ್ರಹ್ಮಗಿರಿ ಕಾಯಲಿ.

ಚೆರ್ಟೇ ಇದ್ದೀತು. ಆದರೆ ನಮ್ಮ ಕಾಲಡಿ ಇರುವುದು ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ. ಲಾಲ್‌ಬಾಗಿನ ಬಂಡೆ ನೋಡಿದವರಿಗೆ ಹೇಳಬೇಕಿಲ್ಲ. ಅದರ ಬಿರುಕುಗಳಲ್ಲಿ ಬೆಣಚುಕಲ್ಲು ಧಾರಾಳ. ಚೆರ್ಟ್ ಬೇಕಾದರೆ ಚಿತ್ರದುರ್ಗ, ಸಂಡೂರಿಗೋ ಭೀಮಾ ಸೀಮೆಯ ಸುಣ್ಣಕಲ್ಲಿನ ನಡುವಿಗೋ ಹೋಗಬೇಕು. ಪೀಣ್ಯದ ಮಗ್ಗುಲಲ್ಲಿರುವ ಜಾಲಹಳ್ಳಿಯ ಸೂಕ್ಷ್ಮ ಶಿಲಾಯುಧಗಳ ಬಗ್ಗೆ ಸಂಶೋಧಕ ಕೆ.ಆರ್.ಯು. ಟಾಡ್ 1948ರಲ್ಲೇ ಬರೆದರು. ಅಲ್ಲಿಯವರು ಹೆಚ್ಚಾಗಿ ಒಡೆದದ್ದು ಬೆಣಚುಕಲ್ಲನ್ನೇ.

‘ಚಾಕುವಿನಲ್ಲಿ ಗೀರಿದೆ, ಗೆರೆ ಬೀಳಲಿಲ್ಲ, ಹಾಗಾಗಿ ಚೆರ್ಟ್’ ಎನ್ನುವ ಪಂಗಡದ ಜೊತೆ ನನ್ನದು ಹಳೇ ಜಗಳ. ಬೆಣಚಿಗೂ ಚೆರ್ಟಿಗೂ ಗಡಸುತನ ಹೆಚ್ಚುಕಡಿಮೆ 7, ಎರಡೂ ಸಿಲಿಕವೇ. ಚಾಕು ಬೇರ್ಪಡಿಸುವುದು ಸುಣ್ಣಕಲ್ಲನ್ನು. ಹುಣಸಗಿ ಕಡೆ ಅದನ್ನೂ ಪೂರ್ತಿ ನಂಬುವಂತಿಲ್ಲ: ಅಲ್ಲಿನ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷದ ಹಿಂದೆ ಕೈಗೊಡಲಿ ಮಾಡಿದವರು ಆರಿಸಿಕೊಂಡದ್ದು ಸಿಲಿಕ ಸೇರಿ ಗಟ್ಟಿಯಾದ ಸುಣ್ಣಕಲ್ಲು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು, ಮುರಿದ ಮುಖವನ್ನು ನೋಡಿ. ಚೆರ್ಟಿನಲ್ಲಿ ಹರಳು ಕಾಣುವುದಿಲ್ಲ. ಮೇಣದಂಥ ಮಂಕು ಹೊಳಪು. ಕ್ವಾರ್ಟ್‌ಜೈಟ್ ಆದರೆ ಹರಳುಹರಳು. ಬೆಣಚಾದರೆ ಗಾಜಿನ ಥಳಕು, ಅಡ್ಡಾದಿಡ್ಡಿ ಒಡಕು. ಅಂಚನ್ನು ಬೆಳಕಿಗೆ ಹಿಡಿದಾಗ ಧಾರಾಳವಾಗಿ ಬೆಳಕು ಹಾಯ್ದರೆ ಕ್ಯಾಲ್ಸೆಡನಿ. ಹೊಸ ಮುಖ ಬೇಕೆಂದು ಆಯುಧವನ್ನೇ ಒಡೆಯುವವರಿಗೆ ಈ ಅಂಕಣದಲ್ಲಿ ಕ್ಷಮೆಯಿಲ್ಲ.

ಕಲ್ಲು ಯಾವುದೆಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಅದನ್ನು ಮನುಷ್ಯ ಒಡೆದಿದ್ದಾನೆಯೇ ಎಂಬುದು. ಫೋಟೋದಲ್ಲಿರುವುದು ಹೊಳೆಯಲ್ಲಿ ಉರುಳಿ ನುಣುಪಾದ ಉರುಟುಗಲ್ಲು. ಪೆಟ್ಟು ಬಿದ್ದ ಸಮತಲವಿಲ್ಲ, ಅದರ ಕೆಳಗಿನ ಉಬ್ಬಿಲ್ಲ. ಹುಲ್ಲುಹಾಸಿನ ಅಂಚಿಗೆ ಸುರಿಯಲು ಲಾರಿಯಲ್ಲಿ ಬಂದದ್ದು. ಉಬ್ಬಿದ್ದರೂ ಕುಣಿಯಬೇಡಿ: ಜಲ್ಲಿ ಕ್ರಷರ್ರೂ ಅಂಥ ಚಕ್ಕೆ ಎಬ್ಬಿಸುತ್ತದೆ.

ಆದರೆ ಜಾಲಹಳ್ಳಿಯ ಕದಡದ ಮಣ್ಣಿನಲ್ಲಿ, ಬೆಣಚಿನ ಚೂರುಗಳ ನಡುವೆ ಒಂದೇ ಒಂದು ಚೆರ್ಟ್ ಚಕ್ಕೆ ಕಂಡರೆ ಕೈ ಹಾಕಬೇಡಿ. ಜಾಗ ಗುರುತಿಸಿ, ಪುರಾತತ್ವ ಇಲಾಖೆಗೆ ತಿಳಿಸಿ. ಕಾಲ ಕೆಳಗೇ ಬೆಣಚು ಬಿದ್ದಿರುವಾಗ ಯಾರೋ ಆ ಕಲ್ಲನ್ನು ಅಷ್ಟು ದೂರದಿಂದ ಹೊತ್ತು ತಂದಿದ್ದಾರೆ, ಇಲ್ಲವೆ ಕೈ ಬದಲಿಸಿ ಪಡೆದಿದ್ದಾರೆ. ಎತ್ತಿ ಜೇಬಿಗೆ ಹಾಕಿಕೊಂಡರೆ ನಿಮಗೆ ಉಳಿಯುವುದು ಕಲ್ಲು ಮಾತ್ರ.